ದೀಪ ಹಚ್ಚಿದ ಮೇಲಿನ ಕರೆಂಟು

ನಮ್ಮ ಮನೆಯವರಿಗೆ ಒಂದು ಚಟವಿದೆ. ಯಾವುದೇ ವಸ್ತು ಅಗ್ಗಕ್ಕೆ ಸಿಗುತ್ತದೆ ಎಂದರೆ ಸಾಕು, ಅದು ಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ಅವರ ಮುಖ ಅರಳಿಬಿಡುತ್ತದೆ. ಹಾಗಿರುವಾಗ ಕರೆಂಟೂ ದಿನದ ಒಂದು ಹೊತ್ತಿನಲ್ಲಿ ಅಗ್ಗ, ಇನ್ನೊಂದು ಹೊತ್ತಿನಲ್ಲಿ ತುಟ್ಟಿ ಆಗುವ ಹೊಸ ದರ ಬಂದಿದೆ, ಮನೆಯಲ್ಲಿ ಕರೆಂಟಿನ ಗಾಡಿ ಇದ್ದವರು ಅದನ್ನು ಆರಿಸಿಕೊಳ್ಳಬಹುದು ಎಂದು ಗೊತ್ತಾದರೆ ಕೇಳಬೇಕೇ? ಆ ದಿನ ಹಾನಗಲ್ಲಿನ ನಮ್ಮ ಮನೆಯಲ್ಲಿ ನನ್ನಿಂದ ಸಿಹಿ ಸಜ್ಜಕ ಮಾಡಿಸಿಕೊಂಡು ಉಂಡರು.

ಅವರು ಶಿಗ್ಗಾಂವದ ಒಂದು ಕಾಳುಕಡಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಂದು ಬೇಸತ್ತು ಕರೆಂಟಿನ ಸ್ಕೂಟರ್ ತಗೊಂಡಿದ್ದರು. ಗಾಡಿ ಬಂದ ಮೇಲೆ ನಮ್ಮ ಮನೆ ಪುಕ್ಕಟೆ ಕರೆಂಟಿನ ಮಿತಿ ದಾಟಿ ಬಿಲ್ಲು ಬರತೊಡಗಿತು. ಅದಕ್ಕೇ ಹೊತ್ತು ನೋಡಿ ದರ ಲೆಕ್ಕ ಹಾಕುವ ಈ ಹೊಸ ಮೀಟರು. ಅದು ಗೋಡೆಗೆ ಕೂತ ದಿನ ಅವರು ಅತ್ತೆಯನ್ನೂ ನನ್ನನ್ನೂ ಮುಂದೆ ಕೂರಿಸಿಕೊಂಡು ಪಾಠ ಮಾಡಿದರು.

"ಬಿಸಲು ಇರೂತನಕ ಅಗ್ಗ. ಯಾಕಂದ್ರ ಸೋಲಾರ್ ಕರೆಂಟ ರಗಡ ಇರತೈತಿ. ಸಂಜಿಗೆ ಬಿಸಲೂ ಇಲ್ಲ, ಎಲ್ಲಾರ ಮನ್ಯಾಗೂ ಲೈಟು, ಫ್ಯಾನು, ಟೀವಿ ಒಮ್ಮೆಲೇ ಚಾಲೂ. ಅದಕ್ಕ ತುಟ್ಟಿ. ಊಟ ಆಗಿ ಮಂದಿ ಮಲಗೂ ಹೊತ್ತಿಗೆ ಮತ್ತ ಮೊದಲಿನ ದರ. ತಿಳೀತಿಲ್ಲೋ?"

ನನಗೆ ತಿಳಿಯಿತು. ತಿಳಿದದ್ದರಿಂದಲೇ ಕೇಳಿದೆ: "ಹಗಲೆಲ್ಲಾ ನಿಮ್ಮ ಗಾಡಿ ಶಿಗ್ಗಾಂವದಾಗ ಬಿಸಲಾಗ ನಿಂತಿರತೈತಿ. ಸಂಜಿಗೆ ಖಾಲಿಯಾಗಿ ಮನಿಗೆ ಬರತೈತಿ. ಹಂಗಾದ್ರ ಈ ಅಗ್ಗದ ಕರೆಂಟ ಕುಡಿಯೋರು ಯಾರ್ರಿ?"

ಅವರು ಉತ್ತರಕ್ಕೆ ತಡವರಿಸಲಿಲ್ಲ. ಭಾನುವಾರ ಹಗಲು ಪೂರ್ತಿ ತುಂಬಿಸುವುದು, ಉಳಿದ ದಿನ ರಾತ್ರಿ ಊಟವಾದ ಮೇಲೆ ಹಚ್ಚುವುದು, ಸಂಜೆ ಮಾತ್ರ ಮುಟ್ಟುವಂತಿಲ್ಲ. ಹೀಗೆ ಸಂಜೆಯ ಕರೆಂಟಿಗೆ ನಮ್ಮ ಮನೆಯಲ್ಲಿ ಮಡಿ ಹುಟ್ಟಿಕೊಂಡಿತು. ನಾನು ಮನೆಯಲ್ಲೇ ಕುಬುಸ ಹೊಲಿಯುತ್ತೇನೆ. ಮಷಿನ್ನಿಗೆ ಮೋಟಾರು ಕೂರಿಸಿ ಕಾಲಿಗೆ ಆರಾಮು ಮಾಡಿಕೊಂಡಿದ್ದೆ. ಆ ಹೊತ್ತಿನಾಗ ಕಾಲಿಲೇ ತುಳೀಬಾರದೇನು ಎಂದರು. ತುಳಿದೆ. ಅವರು ರೇಡಿಯೋ ಕೇಳುವುದು ಬಿಟ್ಟು ಜಗಲಿಗೆ ಎದ್ದುಹೋಗುವಷ್ಟು ಸಪ್ಪಳ ಮಾಡಿ ತುಳಿದೆ. ಮರುದಿನ ಮೋಟಾರಿಗೆ ಮಾಫಿ ಸಿಕ್ಕಿತು.

ನಮ್ಮ ಅತ್ತೆಗೆ ಗಡಿಯಾರದ ಜೊತೆ ಎಂದೂ ವ್ಯವಹಾರವಿಲ್ಲ. ಸಾಲಿ ಬಿಡುವ ಹೊತ್ತು, ಎಮ್ಮೆ ಹಿಂಡುವ ಹೊತ್ತು, ಇಷ್ಟೇ ಅವರ ಲೆಕ್ಕ. ಮಗ ಎಷ್ಟು ಸಲ ಹೇಳಿದರೂ ಹೂಂ ಎಂದು ಮರೆಯುತ್ತಿದ್ದರು. ಆಮೇಲೆ ಒಂದು ದಿನ ದೇವರ ಮುಂದೆ ದೀಪ ಹಚ್ಚಿ ಎದ್ದವರು ತಾವಾಗಿಯೇ ಅದಕ್ಕೆ ಅರ್ಥ ಕಂಡುಕೊಂಡರು.

"ದೀಪ ಹಚ್ಚಿದ ಮ್ಯಾಲೆ ನಾವು ಮೊಸರು, ಉಪ್ಪು, ರೊಕ್ಕ ಹೊರಗಿನವರಿಗೆ ಕೊಡತೇವೇನು? ಲಕ್ಷ್ಮಿ ಒಳಗ ಬರೂ ಹೊತ್ತು ಅದು. ಹಂಗ ಇದೂನು. ಅಷ್ಟ ಹೇಳೂದು ಬಿಟ್ಟು ಸೋಲಾರು ಗೀಲಾರು ಅಂತೀಯಲ್ಲೋ."

ಮಗನಿಗೆ ಇದಕ್ಕಿಂತ ಇನ್ನೇನು ಬೇಕು? ಅಂದಿನಿಂದ ಅತ್ತೆ ದೀಪ ಹಚ್ಚಿದ ಕೂಡಲೇ ಮನೆ ತುಂಬ ಒಂದು ಸುತ್ತು ಬಂದು, ಬೇಡದ ಲೈಟು ಫ್ಯಾನು ಎಲ್ಲ ಆರಿಸಿ, ಗಾಡಿಯ ಪ್ಲಗ್ಗನ್ನೂ ಒಮ್ಮೆ ಮುಟ್ಟಿ ನೋಡಿ ಬರುತ್ತಿದ್ದರು. ನೂರಾರು ವರ್ಷದ ಪದ್ಧತಿಗೂ ಮೊನ್ನೆ ಬಂದ ಮೀಟರಿಗೂ ಹೀಗೆ ಸಂಬಂಧ ಕುದುರಿತು. ನಾನು ನಕ್ಕೆ. ಆಗ ನಗುವುದೇ ಇತ್ತು.

ಇನ್ನು ನಾದಿನಿಯ ವಿಷಯ. ನಮ್ಮವರಿಗೆ ಒಬ್ಬಳೇ ತಂಗಿ. ಚಿಕ್ಕೇರೂರಿಗೆ ಕೊಟ್ಟಿದೆ. ಅಲ್ಲಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಮದುವೆಯಾದ ಮೊದಲ ವರ್ಷಗಳಲ್ಲಿ ಅವಳು ತವರಿಗೆ ಬರುತ್ತಿದ್ದುದು ಪಂಚಮಿಗೆ ಮತ್ತು ದೀಪಾವಳಿಗೆ, ಅದೂ ಯಾರಾದರೂ ಕರೆಯಲು ಹೋದರೆ. ಆಮೇಲೆ ತನ್ನ ಪಗಾರದಲ್ಲಿ ಉಳಿಸಿಕೊಂಡು ಹಿರೇಕೆರೂರಿಗೆ ಹೋಗಿ ತಾನೂ ಒಂದು ಕರೆಂಟಿನ ಸ್ಕೂಟರ್ ತಂದಳು. ಅಂದಿನಿಂದ ಭಾನುವಾರ ಬಿಟ್ಟು ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅವಳ ಹಾರ್ನು.

ಅತ್ತೆ ಬದಲಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಮೊಣಕಾಲು ನೋವು ಎಂದು ಮೂಲೆ ಹಿಡಿದಿದ್ದವರು ಶನಿವಾರವೇ ಶೇಂಗಾ ಹುರಿಯತೊಡಗಿದರು. ಮಗಳ ತಲೆಗೆ ಎಣ್ಣೆ ಹಚ್ಚುವುದು, ಅವಳ ಶಾಲೆಯ ಮಕ್ಕಳ ಸುದ್ದಿ ಕೇಳುವುದು, ಇಬ್ಬರೂ ಸೇರಿ ನನ್ನನ್ನು ಕಾಡಿಸುವುದು. ನನಗೆ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ತವರು ಸವಣೂರು. ಅವ್ವ ಹೋದ ಮೇಲೆ ಅಲ್ಲಿಗೆ ಹೋಗುವುದು ಕಡಿಮೆಯಾಗಿದೆ. ಅಣ್ಣ ಒಳ್ಳೆಯವನು, ವೈನಿಯೂ ಒಳ್ಳೆಯವಳು, ಆದರೂ ಅಲ್ಲಿ ಫ್ಯಾನಿನ ಗುಂಡಿ ಒತ್ತುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಹುಟ್ಟಿದ ಮನೆಯಲ್ಲಿ ಹೀಗೇಕೆ ಎಂದು ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡದೆಯೇ ಬರುತ್ತದೆ.

ಆದರೆ ಚಿಕ್ಕೇರೂರಿನ ಬೀಗಿತ್ತಿಗೆ ಈ ಗಾಡಿ ಎಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. ಕೆಟ್ಟ ಹೆಂಗಸಲ್ಲ ಅವರು. ಸೊಸೆ ಮರಳಿ ಬರುವವರೆಗೆ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲವಂತೆ. ಒಂದು ಕರಾರು ಹಾಕಿದ್ದರು: ಪೂರ್ತಿ ಕತ್ತಲಾಗುವುದರೊಳಗೆ ಮನೆ ಸೇರಬೇಕು, ಗಾಡಿ ಒಂದೇ ಒಂದು ಸಲ ದಾರಿಯಲ್ಲಿ ಕೈಕೊಟ್ಟರೂ ಅಲ್ಲಿಗೆ ಮುಗಿಯಿತು, ಮತ್ತೆ ಹಬ್ಬಕ್ಕೆ ಕರೆದರೆ ಬಸ್ಸಿನಲ್ಲಿ ಗಂಡನ ಜೊತೆ ಹೋಗಿ ಬರುವುದು. ನಾದಿನಿ ಇದನ್ನು ನಗುನಗುತ್ತಲೇ ಹೇಳಿದ್ದಳು. ಅತ್ತೆ ನಕ್ಕಿರಲಿಲ್ಲ. ಅವರ ಭಾನುವಾರಗಳೆಲ್ಲ ಆ ಗಾಡಿಯ ಮೇಲೆ ನಿಂತಿದ್ದವು.

ಸಾಮಾನ್ಯವಾಗಿ ಅವಳು ಬಂದ ಕೂಡಲೇ ಗಾಡಿಗೆ ವಾಯರ್ ಹಚ್ಚುವುದು ಅತ್ತೆಯ ಕೆಲಸ. ಹಿಂದೆ ಬೀಗರು ಚಕ್ಕಡಿ ಹೂಡಿಕೊಂಡು ಬಂದಾಗ ಎತ್ತುಗಳಿಗೆ ಮೊದಲು ಮೇವು ಹಾಕುತ್ತಿದ್ದರಲ್ಲ, ಅದೇ ಗಡಿಬಿಡಿ. ಮಗಳು ಕಾಲು ತೊಳೆಯುವುದರೊಳಗೆ ಗಾಡಿ ಉಣ್ಣುತ್ತಿರಬೇಕು. ಹಗಲಿನ ಅಗ್ಗದ ಹೊತ್ತು ಬೇರೆ, ಅಣ್ಣನಿಗೂ ಖುಷಿ.

ಹೋದ ಬೇಸಗೆಯ ಒಂದು ಭಾನುವಾರ ಬೆಳಿಗ್ಗೆಯೇ ಕರೆಂಟು ಹೋಯಿತು. ಲೈನಿನ ಕೆಲಸ ನಡೆದಿದೆ, ಸಂಜೆಗೆ ಬರುತ್ತದೆ ಎಂದರು. ನಮ್ಮವರ ಮುಖ ನೋಡುವಂತಿರಲಿಲ್ಲ. ಹಿಂದಿನ ರಾತ್ರಿ ಗಾಡಿಗೆ ಹಚ್ಚದೆ, ಭಾನುವಾರದ ಬಿಸಿಲಿನ ಕರೆಂಟಿಗೆಂದು ಅದನ್ನು ಖಾಲಿ ಉಪವಾಸ ಕೆಡವಿದ್ದರು. ನಾದಿನಿಯೂ ಆ ದಿನ ಅವಸರದಲ್ಲಿ ಪೂರ್ತಿ ತುಂಬಿಸದೆ, ಹೇಗೂ ತವರಿನಲ್ಲಿ ಹಚ್ಚುತ್ತಾರಲ್ಲ ಎಂದು ಬಂದುಬಿಟ್ಟಿದ್ದಳು. ಎರಡು ಗಾಡಿಗಳು ಅಂಗಳದಲ್ಲಿ ಅಕ್ಕಪಕ್ಕ ನಿಂತು ದಿನವಿಡೀ ಬಿಸಿಲು ಕಾಯಿಸಿಕೊಂಡವು.

ಕರೆಂಟು ಬರುವ ಹೊತ್ತಿಗೆ ಎಮ್ಮೆಗಳು ಮನೆಗೆ ಮರಳುತ್ತಿದ್ದವು. ನಮ್ಮವರು ಚಹಾ ಕುಡಿಯಲು ಪೇಟೆಯ ಕಡೆ ಹೋಗಿದ್ದರು. ಅತ್ತೆ ಓಡಿಹೋಗಿ ಮಗಳ ಗಾಡಿಗೆ ವಾಯರ್ ಹಚ್ಚಿದರು. "ಒಂದ ತಾಸು ಹಚ್ಚಿದ್ರ ಆಗತೈತಿ. ಬೆಳಕ ಇರೂದ್ರಾಗ ಹೋಗುವಂತಿ" ಎಂದು ಅವಳಿಗೆ ಹೇಳಿ, ಕಟ್ಟಿಕೊಡುವ ಕೆಲಸಕ್ಕೆ ಕೂತರು. ರೊಟ್ಟಿ, ಶೇಂಗಾ ಹಿಂಡಿ, ರವೆ ಉಂಡಿ, ಮಾವಿನಕಾಯಿ, ಅಕ್ಕಿಯ ಒಂದು ಚೀಲ. ಗಾಡಿಯ ಮುಂದೆ ಕಾಲಿಡಲು ಜಾಗ ಇಲ್ಲದಂತಾಯಿತು.

ಆಮೇಲೆ, ಮಗಳು ಹೊರಡುವ ಮೊದಲೆಂದು ಇನ್ನೂ ಬೆಳಕಿರುವಾಗಲೇ ದೇವರ ಮುಂದೆ ದೀಪ ಹಚ್ಚಿದರು; ಅವಳ ಗಾಡಿಯ ಪ್ಲಗ್ಗಿಗೆ ಮಾತ್ರ ಕೈ ಹಚ್ಚಲಿಲ್ಲ. ಅದೇ ಹೊತ್ತಿಗೆ ಓಣಿಯ ಆಚೆ ಬದಿಯ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದಳು. ಅವರ ಸಾಲಿನ ಮನೆಗಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. "ಅಕ್ಕಾರ, ನಿಮ್ಮ ಮನಿಯಿಂದ ಒಂದು ವಾಯರ್ ಎಳಕೊಳ್ಳಲೇನ್ರಿ? ನಮ್ಮ ಗಾಡಿ ಒಂಚೂರು ಚಾರ್ಜ್ ಮಾಡಕೋತೇನಿ" ಎಂದಳು.

ಅತ್ತೆ ನಗುತ್ತಲೇ ಹೇಳಿದರು: "ದೀಪ ಹಚ್ಚೇನಲ್ಲವಾ. ಈ ಹೊತ್ತಿನಾಗ ಹೊರಗಿನವರಿಗೆ ಮೊಸರು ಕೊಡಂಗಿಲ್ಲ, ಕರೆಂಟ ಹೆಂಗ ಕೊಡ್ಲಿ? ಊಟ ಮಾಡಿ ಬಾ, ಆವಾಗ ಎಳಕೋ."

ಅವಳೂ ನಕ್ಕು ಹೋದಳು. ಬೇಸರ ಮಾಡಿಕೊಳ್ಳಲಿಲ್ಲ. ಆ ಹೊತ್ತಿನಲ್ಲಿ ಅವಳ ಮನೆಗೆ ಹೋಗಿ ಉಪ್ಪು ಕೇಳಿದರೆ ಅವಳೂ ಅದನ್ನೇ ಹೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ನಾದಿನಿ ಪಡಸಾಲೆಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದಳು. ಅವಳು ಎದ್ದು ಅಂಗಳಕ್ಕೆ ಹೋಗಿದ್ದನ್ನು ಕಂಡೆ, ಯಾಕೆಂದು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು.

"ಇಷ್ಟ ಲಗೂನ ಆತೇನು?" ಎಂದರು ಅತ್ತೆ.

"ಹೂನವ್ವಾ, ಸಾಕಾಗುವಷ್ಟ ಆಗೇತಿ" ಎಂದಳು.

ಅವಳು ಹೋಗಿ ನಾನು ಹಿಟ್ಟು ನಾದಲು ಕೂತಾಗ ಫೋನು ಬಂತು. "ವೈನಿ, ಗಾಡಿ ನಿಂತೈತಿ. ಚಿಕ್ಕೇರೂರು ಇನ್ನೂ ದೂರ ಐತಿ. ಅವ್ವಗ ಹೇಳಬ್ಯಾಡ್ರಿ, ಅಣ್ಣಗಷ್ಟ ಹೇಳ್ರಿ." ಧ್ವನಿ ಗಟ್ಟಿಯಾಗಿಯೇ ಇತ್ತು. ಆದರೆ ನನ್ನ ಮುಖದ ಬಣ್ಣ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಿತು. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ನನ್ನ ಫೋನಿಗೆ ನಮ್ಮವರು ಪೇಟೆಯಿಂದ ಓಡಿಬಂದು ಅಭ್ಯಾಸಬಲದಿಂದ ತಮ್ಮ ಗಾಡಿಯ ಕೀಲಿ ಕೈಗೆ ತೆಗೆದುಕೊಂಡರು. ಆಮೇಲೆ ನೆನಪಾಗಿ ಹಾಗೇ ನಿಂತರು. ಊಟವಾದ ಮೇಲೆ ಹಚ್ಚಬೇಕೆಂದು ಇಟ್ಟ ಗಾಡಿ ಅಂಗಳದಲ್ಲಿ ಖಾಲಿ ನಿಂತಿತ್ತು. ತಂಗಿ ದಾರಿಯಲ್ಲಿ ಒಬ್ಬಳೇ ಇದ್ದಾಳೆ, ಅಣ್ಣನ ಕೈಯಲ್ಲಿ ಬರೀ ಕೀಲಿ ಇದೆ. ಬೇರೆ ದಿನವಾಗಿದ್ದರೆ ನಾನು ಬಿಡುತ್ತಿರಲಿಲ್ಲ, ನಾಲ್ಕು ಮಾತು ಅಂದೇ ಅನ್ನುತ್ತಿದ್ದೆ. ಅವರ ಮುಖ ನೋಡಿ ಪಾಪ ಅನ್ನಿಸಿತು, ಸುಮ್ಮನಾದೆ.

ಒಂದು ಲಗೇಜ್ ಆಟೋ ಗೊತ್ತು ಮಾಡಿದೆವು. ಅತ್ತೆ ಬರುವುದು ಬೇಡ ಎಂದರೆ ಕೇಳಬೇಕಲ್ಲ. ಚಾಲಕನ ಪಕ್ಕ ಅವರನ್ನು ಕೂರಿಸಿ ನಾವಿಬ್ಬರೂ ಹಿಂದೆ ನಿಂತೆವು. ದಾರಿಯುದ್ದಕ್ಕೂ ಅವರು ಒಂದೇ ಮಾತು ಹೇಳುತ್ತಿದ್ದುದು ಗಾಳಿಯಲ್ಲಿ ಕೇಳುತ್ತಿತ್ತು: "ನಾನ ಕೈಯಾರೆ ಹಚ್ಚಿದ್ನೆಲ್ಲ. ಹೆಂಗ ಖಾಲಿ ಆತು?"

ನಾದಿನಿ ಹೊಲವೊಂದರ ಬದುವಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ನಿಂತಿದ್ದಳು. ಪಕ್ಕದ ಹೊಲದ ಗಂಡ ಹೆಂಡತಿ ಮನೆಗೆ ಹೋಗುವುದು ಬಿಟ್ಟು ಅವಳಿಗೆ ಜೊತೆಯಾಗಿ ನಿಂತಿದ್ದರು. ಅವರಿಗೆ ಕೈ ಮುಗಿದೆವು. ನಮ್ಮವರೂ ಚಾಲಕನೂ ಗಾಡಿ ಎತ್ತಿ ಆಟೋಕ್ಕೆ ಹಾಕುತ್ತಿರುವಾಗ ಅತ್ತೆ ಮಗಳ ಮುಂದೆ ನಿಂತು ಕೇಳಿದರು:

"ಹಚ್ಚಿ ಬಂದಿದ್ನೆಲ್ಲವಾ. ವಾಯರ್ ಸಡ್ಲ ಆಗಿತ್ತೇನು?"

"ಇಲ್ಲವ್ವಾ. ನಾನ ಕಿತ್ತೆ."

"ಯಾಕ?"

"ನೀ ದೀಪ ಹಚ್ಚಿದ್ದೆಲ್ಲ. ಹೊರಗಿನವರಿಗೆ ಕೊಡಂಗಿಲ್ಲ ಅಂತ ಆ ಅಕ್ಕಗ ಹೇಳಿದಿ. ನಾನೂ ಕೊಟ್ಟ ಹೆಣ್ಣಲ್ಲೇನವ್ವಾ, ಹೊರಗಿನಾಕೀನ. ನಿಧಾನ ಹೋದ್ರ ಮುಟ್ಟತೇನಿ ಅಂತ ತಿಳಕೊಂಡಿದ್ದೆ. ಚೀಲ ಭಾಳ ಭಾರ ಆತು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಅತ್ತೆ ಬೈದು ಹಗುರಾಗುತ್ತಿದ್ದರು. ಅವಳು ಮನೆಯ ರೀತಿಯೊಂದನ್ನು ನೆನಪಿಟ್ಟು ಪಾಲಿಸಿದ್ದಳು, ಅಷ್ಟೇ. ತನ್ನಿಂದ ಅಣ್ಣನ ಮನೆಗೆ ಲುಕ್ಸಾನು ಆಗದಿರಲಿ ಎಂದು ಕೈ ಹಿಂದೆ ತೆಗೆದುಕೊಂಡಿದ್ದಳು. ನನಗೆ ಸವಣೂರಿನ ಆ ಫ್ಯಾನಿನ ಗುಂಡಿ ನೆನಪಾಯಿತು. ಅತ್ತೆ ಮಗಳ ಮುಖವನ್ನೇ ನೋಡಿದರು, ಆಮೇಲೆ ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿ, ಹಿಂದೆ ನಮ್ಮ ಜೊತೆಗೇ ಹತ್ತಿ ಅವಳ ಪಕ್ಕ ಕೂತರು. ಮೊಣಕಾಲು ನೋವಿನ ಹೆಂಗಸು ಹೇಗೆ ಹತ್ತಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಚಿಕ್ಕೇರೂರು ಮುಟ್ಟಿದಾಗ ಕತ್ತಲಾಗಿತ್ತು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸೊಸೆ ಆಟೋದಲ್ಲಿ, ಗಾಡಿಯೂ ಆಟೋದಲ್ಲಿ. ಬೀಗಿತ್ತಿ ಹೊಸ್ತಿಲ ಮೇಲೆಯೇ ಇದ್ದರು. ಎದ್ದು ಬಂದು ಮೊದಲು ಸೊಸೆಯ ಕೈ ಕಾಲು ಮುಟ್ಟಿ ನೋಡಿದರು. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು. ಹೆದರಿದವರ ಸಿಟ್ಟು ಅದು.

"ನಾ ಹೇಳಿರಲಿಲ್ಲೇನು? ಚಾರ್ಜ್ ನೋಡಕೊಂಡು ಗಾಡಿ ಹೊಡಿಯೂ ಬುದ್ಧಿ ಇಲ್ಲಂದ್ರ ಹ್ಯಾಂಗ? ಸಾಕಿನ್ನ. ಇನ್ನ ಮ್ಯಾಲೆ ಈ ಗಾಡಿ..."

"ಬೀಗರ," ಎಂದರು ಅತ್ತೆ. ಜೋರಾಗಿ ಅಲ್ಲ, ಆದರೆ ಬೀಗಿತ್ತಿ ಮಾತು ನಿಲ್ಲಿಸಿದರು. "ನಿಮ್ಮ ಸೊಸಿದು ತಪ್ಪಿಲ್ರಿ. ಆಕಿ ಬರಾಬರಿ ಹಚ್ಚಿದ್ಲು. ನಾನ ಕಿತ್ತೆ. ಸಂಜಿ ಮುಂದ ಕರೆಂಟ ತುಟ್ಟಿ ಅಂತ, ಆಕಿಗೆ ಹೇಳದಂಗ ನಾನ ಕಿತ್ತಬಿಟ್ಟೆ. ಪಾಪ, ತುಂಬೇತಿ ಅಂತ ನಂಬಿ ಬಂದಾಳ ಆಕಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬೀಗರ ಎದುರಿಗೆ ತವರಿನವರು ಕೊಟ್ಟದ್ದನ್ನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುವುದನ್ನು ಕೇಳಿದ್ದೇನೆ. ಕೊಡದಿದ್ದರೂ ಕೊಟ್ಟೆವೆಂದು ಹೇಳಿದವರನ್ನು ಕಂಡಿದ್ದೇನೆ. ಹಚ್ಚಿದ ಕೈಯೇ ನಾನು ಕಿತ್ತೆ ಎಂದು ಬೀಗಿತ್ತಿಯ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಎಲ್ಲಿಯೂ ಕೇಳಿರಲಿಲ್ಲ.

"ಅವ್ವಾ, ಹಂಗ್ಯಾಕ..." ಎಂದು ನಾದಿನಿ ಬಾಯಿ ತೆರೆದಳು.

"ನೀ ಒಳಗ ಹೋಗವಾ. ಕಾಲ ತೊಳಕೋ ಹೋಗು" ಎಂದರು ಅತ್ತೆ, ಅವಳ ಕಡೆ ತಿರುಗದೆ. ನಮ್ಮವರು ಏನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದರು. ಅತ್ತೆ ಅವರ ಮುಂಗೈ ಹಿಡಿದುಕೊಂಡರು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಅವರು ಅಲ್ಲೇ ನಿಂತರು.

ಬೀಗಿತ್ತಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೊದಲು ಬೆರಗು, ಆಮೇಲೆ ಒಂದಿಷ್ಟು ತಾತ್ಸಾರ. "ಹಡದ ಮಗಳಿಗೆ ಕರೆಂಟಿನ ಲೆಕ್ಕ ಹಾಕೂದೇನ್ರಿ ಬೀಗರ? ನಾವೇನ ಬಡವರ ಇರಬಹುದು, ಸೊಸಿ ಗಾಡಿಗೆ ಹೊತ್ತು ನೋಡಿ ಕರೆಂಟ ಹಾಕೂ ಮಂದಿ ಅಲ್ಲ ನಾವು. ಇನ್ನ ಮ್ಯಾಲೆ ಇಲ್ಲೇ ಪೂರಾ ತುಂಬಿಸಿ ಕಳಸ್ತೇವಿ. ಹೋಗಾಕೂ ಅದ, ಬರಾಕೂ ಅದ. ನಿಮ್ಮ ಮನಿ ಪ್ಲಗ್ಗ ಮುಟ್ಟೂದು ಬ್ಯಾಡ ನಮ್ಮ ಹುಡಿಗಿ."

"ಆತ್ರಿ. ಹಂಗ ಮಾಡ್ರಿ" ಎಂದರು ಅತ್ತೆ, ತಲೆ ತಗ್ಗಿಸಿ.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಅತ್ತೆಯ ಕೈಯಡುಗೆ ಉಂಡವಳು ನಾನು, ಅವರ ಜೊತೆ ಜಗಳವಾಡಿದವಳೂ ನಾನೇ. ಯಾರಿಗೂ ಒಂದು ತುತ್ತು ಕಡಿಮೆ ಹಾಕಿದ ಹೆಂಗಸಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಬೀಗಿತ್ತಿಯ ಮಾತು ಮತ್ತೊಮ್ಮೆ ಕಿವಿಯಲ್ಲಿ ಹಾದುಹೋಯಿತು. ಪೂರಾ ತುಂಬಿಸಿ ಕಳಿಸುತ್ತೇವೆ ಎಂದಿದ್ದರು. ಸಾಕಿನ್ನ, ಗಾಡಿ ಬೇಡ ಎಂದು ಹೊರಟಿದ್ದ ಬಾಯಿ ಅದು. ನಾನು ತುಟಿ ಬಿಗಿದುಕೊಂಡೆ.

ಚಹಾ ಕುಡಿಸದೆ ಬಿಡಲಿಲ್ಲ. ಕಪ್ಪು ಕೊಡುವಾಗ ಬೀಗಿತ್ತಿ ಅತ್ತೆಗೆ ಬೆನ್ನಿಗೊಂದು ದಿಂಬನ್ನೂ ತಂದಿಟ್ಟರು. ನಾದಿನಿ ಬಾಗಿಲ ಸಂದಿಯಲ್ಲಿ ನಿಂತು ಅವ್ವನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಹೊರಡುವಾಗ ಅತ್ತೆ ಅವಳಿಗೆ ಹೇಳಿದ್ದು ಅಕ್ಕಿಯ ಚೀಲ ಒಳಗೆ ತೆಗೆದಿಡು, ಇಲಿ ಬೀಳತಾವ ಎಂಬ ಮಾತು ಮಾತ್ರ.

ಮರಳುವಾಗ ನಾನೂ ಅತ್ತೆಯೂ ಹಿಂದೆ ಗೋಣಿತಟ್ಟಿನ ಮೇಲೆ ಕೂತೆವು, ನಮ್ಮವರು ಎದುರಿಗೆ. ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅತ್ತಿ, ಸುಳ್ಳ ಯಾಕ ಹೇಳಿದ್ರಿ?"

"ಸುಳ್ಳೇನಲ್ಲ ಬಿಡವಾ. ಕಿತ್ತಿದ್ದು ಆಕಿ ಕೈ ಇರಬಹುದು. ಕೀಳಿಸಿದ ಮಾತು ನಂದು."

ನಮ್ಮವರು ತಲೆ ಎತ್ತಲಿಲ್ಲ. "ನಾ ಹೇಳತಿದ್ನೆಲ್ಲವ್ವಾ, ಮೀಟರ್ ಹಾಕಿಸಿದಾಂವ ನಾನು ಅಂತ. ನನ್ನ ಯಾಕ ತಡದಿ? ಬೀಗರ ಮುಂದ ನಿನ್ನ ಮರ್ಯಾದಿ ಹೋತು" ಎಂದರು. ಅವರ ಧ್ವನಿ ಒಡೆದಿತ್ತು.

ಅತ್ತೆ ಮೊಣಕಾಲು ಚಾಚಿಕೊಂಡು, ಎರಡೂ ಕೈಯಿಂದ ಅದನ್ನು ತಿಕ್ಕುತ್ತ ಕೂತಿದ್ದರು.

"ಹೋಗ್ಲಿ ಬಿಡಪಾ," ಎಂದರು. "ನನ್ನ ಮರ್ಯಾದಿ ಇಟಗೊಂಡು ನಾ ಏನ ಮಾಡ್ಲಿ? ಆಕಿ ಬರತಾಳಲ್ಲ."